ಸಮ್ಮೇಳನಕ್ಕೆ ಪುಕ್ಕಟೆ ಬರೆಯಲು ಕರೆದರೆ ಮೊದಲು ಇಷ್ಟು ಮಾತಾಡಿಕೊಳ್ಳಿ

"ಸರ್, ನಮ್ಮ ಸಂಘದ ಸಮ್ಮೇಳನ ಐತಿ, ಒಂದೀಟು ಬರ್ದು ಹಾಕ್ರಿ, ನೀವು ಬರ್ದ್ರ ಮಂದಿ ಓದ್ತಾರ."

ಆನ್‌ಲೈನ್‌ನಲ್ಲಿ ಕನ್ನಡ ಬರೆಯುವವರಿಗೆ ಇಂಥ ಫೋನ್ ಬರುತ್ತಲೇ ಇರುತ್ತದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯ ಇದೆ, ಕೊಪ್ಪಳವೂ ಸೇರಿ ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಹಾಗಾಗಿ ವೈದ್ಯರು, ಎಂಜಿನಿಯರುಗಳು, ಕೃಷಿ ವಿಜ್ಞಾನಿಗಳು, ಗ್ರಂಥಪಾಲಕರು ಇಲ್ಲೇ ಸೇರುವುದು ಉಂಟು, ಪ್ರಚಾರಕ್ಕೆ ನಮ್ಮಂಥವರನ್ನು ಹುಡುಕುವುದೂ ಉಂಟು.

ಖಂಡಿತ ಬರೆಯಿರಿ. ಇಲ್ಲಿ ನಡೆಯುವ ಒಳ್ಳೆ ಕೆಲಸ ಎಷ್ಟೋ ಸಲ ಇಲ್ಲಿಯವರಿಗೇ ಗೊತ್ತಾಗುವುದಿಲ್ಲ. ಆದರೆ ಹೂಂ ಅನ್ನುವ ಮುಂಚೆ, ಅವರಿಗೆ ನಿಮ್ಮಿಂದ ಏನು ಬೇಕು, ನಿಮಗೆ ಏನು ಕೊಡುತ್ತಾರೆ, ನಿಮ್ಮದಾಗಿಯೇ ಉಳಿಯುವುದು ಯಾವುದು ಎಂಬುದನ್ನು ಬರಹದಲ್ಲಿ ಇಡಿ. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸಾಕು.

ಮೊದಲು ರಿಜಿಸ್ಟ್ರೇಷನ್ ಫೀ ವಿಷಯ. ಭಾಷಣಕಾರರಿಗೆ ರೂಮು, ಕಾರು, ನೆನಪಿನ ಕಾಣಿಕೆ ಎಲ್ಲ ಸಿಗುತ್ತದೆ. ಸಮ್ಮೇಳನಕ್ಕೆ ಮುಂಚೆ ವಾರಗಟ್ಟಲೆ ಬರೆದು, ಆ ದಿನ ಬೆಳಗಿಂದ ಸಂಜೆವರೆಗೆ ಮೊಬೈಲ್ ಹಿಡಿದು ಕೂತವರಿಗೆ ಮಾತ್ರ ಕೌಂಟರಿನಲ್ಲಿ "ಡೆಲಿಗೇಟ್ ಫೀ ಕಟ್ಟಿದ್ದೀರಾ" ಅಂತ ಕೇಳುವುದುಂಟು. ಇದು ಸರಿಯಲ್ಲ. ಫೀ ಮನ್ನಾ, ಬ್ಯಾಡ್ಜ್, ಊಟದ ಕೂಪನ್, ಬಸ್ ಚಾರ್ಜು, ಕೂತು ಬರೆಯಲು ಪ್ಲಗ್ ಪಾಯಿಂಟ್ ಇರುವ ಜಾಗ, ವೈಫೈ ಪಾಸ್‌ವರ್ಡ್, ಇಷ್ಟನ್ನು ಸಂಕೋಚ ಇಲ್ಲದೆ ಕೇಳಿ. ಸಿಂಧನೂರಿನಿಂದಲೋ ಕುಷ್ಟಗಿಯಿಂದಲೋ ಬರುವವರಾಗಿದ್ದು, ಕಾರ್ಯಕ್ರಮ ರಾತ್ರಿಯವರೆಗೆ ಇದ್ದರೆ ರೂಮನ್ನೂ ಕೇಳಿ. ಕೊನೆಯಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ಅದು ಪ್ರೀತಿ, ತಗೊಳ್ಳಿ. ಆದರೆ ಶಾಲಿನಿಂದ ಬಸ್ ಚಾರ್ಜು ಹುಟ್ಟುವುದಿಲ್ಲ ಅಲ್ವಾ?

ಕೇಳುವ ಸಮಯವೂ ಮುಖ್ಯ. ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ, ಖರ್ಚಿಗೆ ಲೆಕ್ಕ ಇಡಬೇಕು. ಕಾರ್ಯದರ್ಶಿ ಫೋನಿನಲ್ಲಿ "ಆಗ್ಲಿ ಬಿಡ್ರಿ, ನೋಡಿಕೊಳ್ಳೋಣ" ಅಂದದ್ದನ್ನು ನಂಬಿ ಖಜಾಂಚಿ ದುಡ್ಡು ಬಿಚ್ಚುವುದಿಲ್ಲ. ಸಮಿತಿ ಬಜೆಟ್ ಮಾಡುವಾಗಲೇ ನಿಮ್ಮ ಹೆಸರು ಅದರಲ್ಲಿ ಇರುವಂತೆ ನೋಡಿಕೊಳ್ಳಿ.

ಫೋಟೋ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರಹದ ಮೊದಲ ಹಕ್ಕು ಬರೆದವರದು, ಫೋಟೋದ ಹಕ್ಕು ತೆಗೆದವರದು. ಆದರೆ ಬೇರೆಯವರು ಹೇಳಿ, ಅದಕ್ಕೆ ಪ್ರತಿಫಲ ಕೊಟ್ಟು ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ತೆಗೆಸಿಕೊಂಡವರಿಗೆ ಹೋಗುತ್ತದೆ. ನಿಮಗೆ ಫೀ ಮನ್ನಾ ಮಾಡಿದ್ದನ್ನೇ ಪ್ರತಿಫಲ ಅಂತ ನಾಳೆ ಯಾರಾದರೂ ವಾದಿಸಬಹುದು. ಅದಕ್ಕೇ "ಫೋಟೋ ನನ್ನವು, ಸಂಘ ತನ್ನ ಪೇಜಿನಲ್ಲಿ ಮತ್ತು ಸ್ಮರಣ ಸಂಚಿಕೆಯಲ್ಲಿ ನನ್ನ ಹೆಸರು ಹಾಕಿ ಬಳಸಬಹುದು" ಅಂತ ಮೊದಲೇ ಬರೆದುಕೊಳ್ಳಿ. ಹಕ್ಕನ್ನೇ ಪೂರ್ತಿ ಬಿಟ್ಟುಕೊಡಿ ಅಂದರೆ, ಅದಕ್ಕೆ ಸಹಿ ಹಾಕಿದ ಪತ್ರ ಬೇಕು, ಎಷ್ಟು ವರ್ಷಕ್ಕೆ ಅಂತ ಪತ್ರದಲ್ಲಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ.

ಇನ್ನು ಓದುಗರಿಗೆ ಹೇಳಬೇಕಾದದ್ದು. ಫೀ ಬಿಟ್ಟಿದ್ದಾರೆ, ರೂಮು ಕೊಟ್ಟಿದ್ದಾರೆ ಅಂದರೆ ಅದನ್ನು ಪೋಸ್ಟಿನ ಮೇಲೇ ಹೇಳಿ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, 2021ರಲ್ಲಿ ತಂದ ನಿಯಮದಲ್ಲಿ ದುಡ್ಡು ಮಾತ್ರವಲ್ಲ, ಪುಕ್ಕಟೆ ಪ್ರವಾಸ, ಹೋಟೆಲ್ ವಾಸ, ರಿಯಾಯಿತಿ ಕೂಡ ಲೆಕ್ಕಕ್ಕೆ ಬರುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೂ 2023ರ ಜನವರಿಯಲ್ಲಿ ಇಂಥದ್ದೇ ಮಾರ್ಗಸೂಚಿ ಕೊಟ್ಟಿದೆ. ಕನ್ನಡ ಪೋಸ್ಟಿಗೆ ಕನ್ನಡದಲ್ಲೇ ಒಂದು ಸಾಲು ಬರೆದರೆ ಆಯಿತು: "ಈ ಸಮ್ಮೇಳನದವರು ನನಗೆ ಪ್ರವೇಶ ಶುಲ್ಕ ಬಿಟ್ಟಿದ್ದಾರೆ." ಇದರಿಂದ ನಿಮ್ಮ ಮಾತಿನ ತೂಕ ಕಡಿಮೆ ಆಗುವುದಿಲ್ಲ.

ಸಮ್ಮೇಳನಗಳಲ್ಲಿ ಪ್ರಾಯೋಜಕರ ಸ್ಟಾಲ್ ಇರುತ್ತವೆ, ಔಷಧಿ ಕಂಪನಿಯವರು, ಬೀಜ ಗೊಬ್ಬರದವರು. "ಹಂಗೇ ನಮ್ದೂ ಒಂದು ಫೋಟೋ ಹಾಕಿಬಿಡ್ರಿ" ಅಂದರೆ ಬೇಡ ಅನ್ನಿ. ನೀವು ಒಪ್ಪಿದ್ದು ಸಂಘದ ಕೆಲಸಕ್ಕೆ, ಅವರ ಮಾಲಿಗೆ ಅಲ್ಲ.

ಬರೆದದ್ದನ್ನು ಮೊದಲು ತೋರಿಸಬೇಕಾ ಅಂತಲೂ ಕೇಳಿಕೊಳ್ಳಿ. ತಾರೀಕು, ಹೆಸರು, ಹುದ್ದೆ ನೋಡಿಕೊಡಲಿ, ಅದು ಒಳ್ಳೆಯದೇ. ನಿಮ್ಮ ಅಭಿಪ್ರಾಯ ತಿದ್ದುವ ಹಕ್ಕು ಕೊಡಬೇಡಿ. ಒಂದು ಗೋಷ್ಠಿ ಸಪ್ಪೆ ಆಗಿದ್ದರೆ ಚೆನ್ನಾಗಿತ್ತು ಅಂತ ಬರೆಯಬೇಕಿಲ್ಲ.

ಕಾರ್ಯದರ್ಶಿಗೆ ಹೀಗೆ ಕಳಿಸಿ: "ನಮಸ್ಕಾರ ಸರ್. ಸಮ್ಮೇಳನದ ಬಗ್ಗೆ ಮುಂಚೆ ಮೂರು ಪೋಸ್ಟ್, ಆ ದಿನ ವರದಿ, ಆಮೇಲೆ ಒಂದು ಲೇಖನ ಬರೆದುಕೊಡುತ್ತೇನೆ. ಶುಲ್ಕ ಮನ್ನಾ, ಊಟ, ಬಸ್ ಚಾರ್ಜು ಸಂಘದ ಕಡೆಯಿಂದ ಆಗಬೇಕು. ಫೋಟೋ ಮತ್ತು ಬರಹದ ಹಕ್ಕು ನನ್ನದೇ, ಸಂಘ ನನ್ನ ಹೆಸರಿನೊಂದಿಗೆ ಬಳಸಬಹುದು. ಶುಲ್ಕ ಬಿಟ್ಟಿದ್ದನ್ನು ಓದುಗರಿಗೆ ತಿಳಿಸುತ್ತೇನೆ. ಸಮಿತಿ ಒಪ್ಪಿದರೆ ದಯವಿಟ್ಟು ಇಲ್ಲೇ ಉತ್ತರಿಸಿ." ಉತ್ತರ ಬರುವವರೆಗೆ ಪೋಸ್ಟರ್ ಕೂಡ ಹಂಚಬೇಡಿ.

ಸಂಘದವರು ಇದನ್ನು ಓದುತ್ತಿದ್ದರೆ ನಿಮಗೂ ಒಂದು ಮಾತು. ಬರೆಯುವವರನ್ನು ಸಮಿತಿಯ ಗ್ರೂಪಿಗೆ ಸೇರಿಸಿ, ಯಾವ ಭಾಷಣಕಾರರು ಬರುತ್ತಿಲ್ಲ ಅನ್ನುವುದು ಅವರಿಗೆ ಮೊದಲು ಗೊತ್ತಾಗಲಿ. ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಹಾಕಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮುಗಿದ ಮೇಲೆ ತಡ ಮಾಡಬೇಡಿ. ಬಸ್ ಟಿಕೆಟ್‌ಗಳನ್ನು ಅದೇ ವಾರ ಖಜಾಂಚಿಗೆ ಕೊಟ್ಟು ವೋಚರಿಗೆ ಸಹಿ ಹಾಕಿ, ಲೆಕ್ಕ ಮುಚ್ಚಿದ ಮೇಲೆ ಕೇಳಿದರೆ ಅವರಿಗೂ ಕಷ್ಟ. ಅದೇ ಹೊತ್ತಿಗೆ ನೀವು ಮಾಡಿದ ಕೆಲಸದ ಬಗ್ಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ, ಮುಂದಿನ ಸಂಘದವರ ಹತ್ತಿರ ಮಾತಾಡುವಾಗ ತೋರಿಸಲು ಬೇಕಾಗುತ್ತದೆ.