ಇಂಗ್ಲಿಷ್ ಪ್ರಬಂಧದಲ್ಲಿ ಪದದ ತೂಕ ನೋಡುವ ಬಗೆ

ಇಂಗ್ಲಿಷಿನಲ್ಲಿ ಸಂಶೋಧನ ಪ್ರಬಂಧ ಬರೆಯಲು ಕುಳಿತವರು ಒಂದೋ ಮಾತನಾಡಿದಂತೆಯೇ ಬರೆದುಬಿಡುತ್ತಾರೆ, ಇಲ್ಲವೇ ನಿಘಂಟಿನಿಂದ ಭಾರದ ಪದಗಳನ್ನು ಹೆಕ್ಕಿ ತಂದು ಪೇರಿಸುತ್ತಾರೆ. ನನಗೆ ಎರಡನೆಯದೇ ಹೆಚ್ಚು ಕೆಟ್ಟದ್ದೆನಿಸುತ್ತದೆ. ಮೊದಲನೆಯದರಲ್ಲಿ ಅರ್ಥವಾದರೂ ಉಳಿದಿರುತ್ತದೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲಿ ಫ್ರೆಂಚ್ ನೆಲೆಯೂರಿತು, ವಿದ್ವತ್ತಿಗೆ ಲ್ಯಾಟಿನ್ ಇದ್ದೇ ಇತ್ತು. ಹೀಗಾಗಿ ಇಂಗ್ಲಿಷಿನಲ್ಲಿ ಹತ್ತಿರದ ಅರ್ಥಗಳಿಗೆ ಹಲವು ಪದರಗಳ ಪದಗಳು ಕೂಡಿಕೊಂಡವು. 'ಆಸ್ಕ್' ಹಳೆಯ ದೇಸಿ ಪದ, 'ಕ್ವೆಶ್ಚನ್' ಫ್ರೆಂಚಿನಿಂದ ಬಂದದ್ದು, 'ಇಂಟರಾಗೇಟ್' ಲ್ಯಾಟಿನ್ ಮೂಲದ್ದು. 'ಜಲಸಂಪನ್ಮೂಲ' ಎಂದು ಬರೆದರೂ 'ಒಂದು ಲೋಟ ಜಲ ಕೊಡಿ' ಎಂದು ಕೇಳದ ಕನ್ನಡಿಗರಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಸಮೀಕ್ಷೆಯಲ್ಲಿ ರೈತರನ್ನು 'ಇಂಟರಾಗೇಟ್' ಮಾಡಿದೆವು ಎಂದು ಬರೆದರೆ, ಪಾಪ, ಅವರೆಲ್ಲ ಠಾಣೆಯಲ್ಲಿ ಕುಳಿತಂತಾಗುತ್ತದೆ.

ಒಂದು ವಾಕ್ಯವನ್ನು ತಿದ್ದಿ ನೋಡೋಣ: 'ವಿ ಲುಕ್ಡ್ ಇಂಟು ವೈ ಕಿಡ್ಸ್ ಡ್ರಾಪ್ ಔಟ್ ಆ್ಯಂಡ್ ಫೌಂಡ್ ಔಟ್ ದಟ್ ಎ ಲಾಟ್ ಆಫ್ ದೆಮ್ ವರ್ಕ್.' ಇಲ್ಲಿ 'ಲುಕ್ಡ್ ಇಂಟು' ಬದಲು 'ಇನ್ವೆಸ್ಟಿಗೇಟೆಡ್', 'ಕಿಡ್ಸ್' ಬದಲು 'ಚಿಲ್ಡ್ರನ್', 'ಎ ಲಾಟ್ ಆಫ್' ಬದಲು 'ಮೆನಿ ಆಫ್' ಸಾಕು. 'ಫೌಂಡ್ ಔಟ್' ಎಂಬುದನ್ನು 'ಅಸರ್ಟೇನ್ಡ್' ಎಂದು ಉಬ್ಬಿಸದೆ 'ಔಟ್' ತೆಗೆದು ಬರಿಯ 'ಫೌಂಡ್' ಉಳಿಸಿಕೊಂಡರೆ ಗಂಭೀರವೂ ಆಯಿತು, ಸರಳವೂ ಆಯಿತು. 'ಡ್ರಾಪ್ ಔಟ್' ಮಾತ್ರ ಶಿಕ್ಷಣ ಸಂಶೋಧನೆಯ ಪಾರಿಭಾಷಿಕ ಪದವೇ ಆಗಿರುವುದರಿಂದ ಅದನ್ನು ಮುಟ್ಟಬಾರದು. ಎರಡು ತುಂಡಿನ ಕ್ರಿಯಾಪದಗಳೆಲ್ಲ ಆಡುಮಾತೆಂದು ತಿಳಿಯುವುದು ತಪ್ಪು. 'ಕ್ಯಾರಿ ಔಟ್' ಒಳ್ಳೊಳ್ಳೆಯ ಸಂಶೋಧನ ಪತ್ರಿಕೆಗಳಲ್ಲೂ ಧಾರಾಳವಾಗಿ ಕಾಣುತ್ತದೆ. ಹಾಗೆಯೇ 'ಯೂಸ್' ಸಾಕಾಗುವಲ್ಲಿ 'ಯುಟಿಲೈಸ್' ಬೇಡ. 'ಡೋಂಟ್', 'ಕಾಂಟ್' ಎಂಬ ಸಂಕ್ಷಿಪ್ತ ರೂಪಗಳನ್ನು ಬಿಡಿಸಿ ಬರೆಯಿರಿ.

ಯಾವ ಪದಗಳನ್ನು ಕಲಿಯಬೇಕೆಂಬ ಗೊಂದಲವಿದ್ದವರಿಗೆ ಭಾಷಾತಜ್ಞೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 'ಅಕಾಡೆಮಿಕ್ ವರ್ಡ್ ಲಿಸ್ಟ್' ಒಳ್ಳೆಯ ಆರಂಭ. ಸುಮಾರು 35 ಲಕ್ಷ ಪದಗಳ ಶೈಕ್ಷಣಿಕ ಬರಹಗಳಿಂದ ಆಯ್ದ 570 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು) ಅದರಲ್ಲಿವೆ. ಆದರೆ ಪಟ್ಟಿಯಿಂದ ಪದವನ್ನು ಒಂಟಿಯಾಗಿ ಕಿತ್ತು ತರದೆ, ಅದು ಯಾವ ಪದದ ಜೊತೆ ಕೂರುತ್ತದೆ ಎಂಬುದನ್ನು ನಿಮ್ಮ ವಿಷಯದ ನಾಲ್ಕಾರು ಲೇಖನಗಳಲ್ಲಿ ನೋಡಿಕೊಳ್ಳಿ: 'ಸರ್ವೆ' ಜೊತೆಗೆ 'ಕಂಡಕ್ಟ್' ಒಗ್ಗುತ್ತದೆ, 'ಮೇಕ್' ಒಗ್ಗುವುದಿಲ್ಲ.

ಕೆಲವು ಪದಗಳ ಗಾಂಭೀರ್ಯದ ಹಿಂದೆ ಒಂದು ಹೊಣೆಯೂ ಇರುತ್ತದೆ. ನಲವತ್ತು ಮಂದಿಯನ್ನು ಮಾತನಾಡಿಸಿದ ಅಧ್ಯಯನ ಏನನ್ನೂ 'ಪ್ರೂವ್' ಮಾಡುವುದಿಲ್ಲ, ಹೆಚ್ಚೆಂದರೆ 'ಸಜೆಸ್ಟ್' ಮಾಡುತ್ತದೆ. 'ಸಿಗ್ನಿಫಿಕೆಂಟ್' ಎಂದೊಡನೆ ಪರೀಕ್ಷಕರು ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಫಲಿತಾಂಶ ಎಲ್ಲಿದೆಯೆಂದು ಹುಡುಕುತ್ತಾರೆ. ಅಂಥ ಪರೀಕ್ಷೆಯನ್ನೇ ನಡೆಸದಿದ್ದರೆ 'ಕನ್ಸಿಡರಬಲ್' ಎಂದು ಬರೆಯುವುದು ಕ್ಷೇಮ.