ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಲ್ಲು ನೋಡಿ ಬರುವುದು ಹೇಗೆ?

ಸಂಜೆ ಹೊತ್ತು ಉಡುಪಿ ಹತ್ತಿರದ ಮಲ್ಪೆ ಬಂದರಿನಲ್ಲಿ ನಿಂತರೆ ದ್ವೀಪದಿಂದ ವಾಪಸ್ ಬರುವ ಬೋಟುಗಳು ಕಾಣುತ್ತವೆ. ಇಳಿಯುವವರ ಬಟ್ಟೆ ಒದ್ದೆ, ಮುಖ ಕೆಂಪು, ಫೋನಿನಲ್ಲಿ ಮುನ್ನೂರು ಫೋಟೊ. "ಹೇಗಿತ್ತು?" ಅಂತ ಕೇಳಿದರೆ "ಬೀಚ್ ಸೂಪರ್" ಅನ್ನುತ್ತಾರೆ. "ಕಂಬದ ಕಲ್ಲು ನೋಡಿದ್ರಾ?" ಅಂತ ಕೇಳಿದರೆ "ಯಾವ ಕಂಬ?" ಎಂದು ನಮ್ಮನ್ನೇ ಕೇಳುತ್ತಾರೆ.

ಬೆಂಗಳೂರಿನಿಂದ ಬಂದ ನನ್ನ ಭಾವನದ್ದೂ ಇದೇ ಕತೆ. 8.8 ಕೋಟಿ ವರ್ಷ ಹಳೆಯ ಲಾವಾ ಕಲ್ಲಿನ ಮೇಲೆ ಟವೆಲ್ ಒಣಹಾಕಿ, ಅದರ ಪಕ್ಕದಲ್ಲೇ ಕೂತು ಚಕ್ಕುಲಿ ತಿಂದು ಬಂದಿದ್ದರು. ಸುಮ್ನೆ ಮೀಯುವುದಕ್ಕೆ ಬೋಟು ಹತ್ತಿ ಅಷ್ಟು ದೂರ ಯಾಕೆ ಹೋಗಬೇಕು? ಮಲ್ಪೆ ಬೀಚಿನಲ್ಲೇ ಬೇಕಾದಷ್ಟು ಮರಳಿದೆ, ನೀರಿದೆ. ದ್ವೀಪದಲ್ಲಿ ಇರುವುದು ಕಲ್ಲು. ಅದನ್ನು ನೋಡಿ ಬರಬೇಕು ಎನ್ನುವವರಿಗೆ ಈ ಲೇಖನ.

1. ರಜೆ ನೋಡುವ ಮೊದಲು ಇಳಿತ ನೋಡಿ

ಮಳೆಗಾಲದಲ್ಲಿ ಬೋಟು ಇಲ್ಲ. ಅಕ್ಟೋಬರ್‌ನಿಂದ ಮೇ ತಿಂಗಳೊಳಗೆ ಹೋಗಬೇಕು. ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿ. ಅದೂ ವಾರದ ನಡುವೆ.

ದಿನಕ್ಕಿಂತ ಮುಖ್ಯ ಗಂಟೆ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇದರ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಭರತದ ಹೊತ್ತಿಗೆ ಹೋದರೆ ಚೆಂದದ ಕಲ್ಲುಗಳು ಅರ್ಧಕ್ಕರ್ಧ ನೀರಿನೊಳಗೆ ಇರುತ್ತವೆ. ಇಳಿತದ ಸಮಯ ಫೋನಿನಲ್ಲೇ ಸಿಗುತ್ತದೆ. ಅದಕ್ಕೆ ಒಂದು ಗಂಟೆ ಮುಂಚೆ ದ್ವೀಪದಲ್ಲಿ ಇರುವ ಹಾಗೆ ಹೊರಡಿ. ಬೆಳಗ್ಗೆಯೇ ಇಳಿತ ಇರುವ ದಿನ ಸಿಕ್ಕರೆ ಬಿಡಬೇಡಿ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದು ಬೋಟು ಕುಣಿಯುತ್ತದೆ. ಬಿಸಿಲು ಬೇರೆ.

2. ಕಾಲಿಗೆ ಏನು, ಕೈಗೆ ಏನು

ಹವಾಯಿ ಚಪ್ಪಲಿ ಬೇಡ. ಒದ್ದೆ ಕಲ್ಲಿನ ಮೇಲೆ ಅದು ಸಾಬೂನು ಇದ್ದ ಹಾಗೆ. ಬರಿಗಾಲೂ ಬೇಡ, ಬಂಡೆಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಬೀಚಿನ ಅಂಗಡಿಗಳಲ್ಲಿ ನೇತುಹಾಕಿರುವ ತೆಳು ಅಡಿಯ "ವಾಟರ್ ಶೂ" ತೆಗೆದುಕೊಂಡು ನಾನು ಕೆಟ್ಟೆ. ಅರ್ಧ ದಿನಕ್ಕೆ ಅಡಿ ಕಿತ್ತು ಬಂತು. ಹಿಂದೆ ಪಟ್ಟಿ ಇರುವ ಹಳೆಯ ರಬ್ಬರ್ ಸ್ಯಾಂಡಲ್ಲೇ ವಾಸಿ. ಕುತ್ತಿಗೆಗೆ ನೇತುಹಾಕುವ ಪ್ಲಾಸ್ಟಿಕ್ ಫೋನ್ ಚೀಲವನ್ನೂ ನಂಬಬೇಡಿ. ಮನೆಯಲ್ಲಿ ಒಳಗೆ ಒಂದು ಕಾಗದದ ಚೂರು ಹಾಕಿ ಹತ್ತು ನಿಮಿಷ ಬಕೆಟಿನಲ್ಲಿ ಮುಳುಗಿಸಿ ನೋಡಿ. ಕಾಗದ ಒದ್ದೆಯಾದರೆ ಚೀಲ ಕಸದ ಬುಟ್ಟಿಗೆ.

ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು, ಒಂದು ಜೊತೆ ಒಣ ಬಟ್ಟೆ. ಅಷ್ಟೇ.

3. ಬೋಟು

ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿ.ಮೀ., ಬಸ್ಸಿಗೆ ಬರವಿಲ್ಲ. ಬಂದರಿನಲ್ಲಿ ಟಿಕೆಟ್ ತೆಗೆದುಕೊಂಡು, ಲೈಫ್ ಜಾಕೆಟ್ ಹಾಕಿ, ಕೂತುಕೊಳ್ಳಿ. ಹಾಡು ಹಾಕುತ್ತಾರೆ, ಕುಣಿಯುವವರು ಕುಣಿಯಲಿ. ಅರ್ಧ ಗಂಟೆಯೊಳಗೆ ದ್ವೀಪ. ಇಳಿಯುವಾಗ ಕೆಲವೊಮ್ಮೆ ಮೊಣಕಾಲುದ್ದ ನೀರಿಗೆ ಕಾಲಿಡಬೇಕಾಗುತ್ತದೆ, ಜೀನ್ಸ್ ಹಾಕಿಕೊಂಡವರು ಅಲ್ಲಿ ಪಶ್ಚಾತ್ತಾಪ ಪಡುತ್ತಾರೆ. ವಾಪಸ್ ಬೋಟು ಎಷ್ಟು ಹೊತ್ತಿಗೆ ಅಂತ ಇಳಿಯುವ ಮೊದಲೇ ಕೇಳಿಕೊಳ್ಳಿ. ರಾತ್ರಿ ಅಲ್ಲಿ ಉಳಿಯುವ ಹಾಗಿಲ್ಲ.

4. ಕಲ್ಲು

ಎಲ್ಲರೂ ಎಡವುವುದು ಇಲ್ಲಿ. ಇಳಿದ ಕೂಡಲೇ ನೀರು ಕಾಣುತ್ತದೆ, ಮಕ್ಕಳು ಓಡುತ್ತಾರೆ, ಮುಗಿಯಿತು. ಆಮೇಲೆ ಒದ್ದೆ ಬಟ್ಟೆಯಲ್ಲಿ, ಸುಸ್ತಾದ ಮೈಯಲ್ಲಿ ಯಾರಿಗೆ ಕಲ್ಲು ಬೇಕು? ಅದಕ್ಕೇ ನಮ್ಮ ಮನೆಯ ನಿಯಮ: ಮೊದಲ ಒಂದು ಗಂಟೆ ಯಾರೂ ನೀರು ಮುಟ್ಟುವಂತಿಲ್ಲ.

ಸೇಂಟ್ ಮೇರೀಸ್ ಅಂದರೆ ಒಂದೇ ದ್ವೀಪ ಅಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂಬ ನಾಲ್ಕು ದೊಡ್ಡವು, ಸುತ್ತ ಒಂದಿಷ್ಟು ಮರಿಗಳು. ನಮ್ಮನ್ನು ಇಳಿಸುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿ.ಮೀ., ಅಗಲ ಬರೀ 100 ಮೀಟರ್. ಬೋಟಿನಿಂದ ಇಳಿದು ತೆಂಗಿನ ಮರಗಳ ನಡುವೆ ಹಾದು ಪಡು ಬದಿಗೆ ದಾಟಿ. ಎರಡು ನಿಮಿಷದ ದಾರಿ.

ಈಗ ನಿಧಾನ. ಮೊದಲು ಕಾಲಿನ ಪಾಠ. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಕಲ್ಲಿನ ಮೇಲೆ ಕಾಲಿಡಬಹುದು. ಕಪ್ಪಗೆ ಹೊಳೆಯುವ ಕಲ್ಲು, ಹಸಿರು ಪಾಚಿಯ ಕಲ್ಲು, ಎರಡೂ ಬೇಡ. ಕಂಬದ ತಲೆಯ ಮೇಲೆ ಪೂರ್ತಿ ಪಾದ ಊರಿ, ಸಂದಿಯಲ್ಲಿ ಅಲ್ಲ. ಸಂದಿಗೆ ಸಿಕ್ಕಿಕೊಂಡ ಕಾಲು ಉಳುಕದೆ ಹೊರಗೆ ಬರುವುದಿಲ್ಲ. ಅಲೆ ಎಲ್ಲಿಯವರೆಗೆ ಬರುತ್ತದೆ ಅಂತ ತಿಳಿಯಲು ಅಲೆ ನೋಡಬೇಡಿ, ಕಲ್ಲಿನ ಒದ್ದೆ ಗೆರೆ ನೋಡಿ. ಆ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಹಾಗೆ ಜೀವ ಕಳೆದುಕೊಂಡವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ವಾದಿಸದೆ ಹಿಂದೆ ಬನ್ನಿ.

ಕಾಲು ನೆಲೆ ನಿಂತಿತಾ? ಈಗ ಕೆಳಗೆ ನೋಡಿ. ನೀವು ನಿಂತಿರುವುದು ಬಂಡೆಯಲ್ಲ, ಹೆಂಚು ಹಾಸಿದ ಅಂಗಳ. ಒಂದೊಂದು ಹೆಂಚಿಗೂ ನೇರವಾದ ಅಂಚು, ಚೂಪಾದ ಮೂಲೆ. ಒಂದನ್ನು ಆರಿಸಿ ಅಂಚಿನ ಮೇಲೆ ಬೆರಳು ಓಡಿಸುತ್ತಾ ಎಣಿಸಿ. ಆರು ಬರುತ್ತದೆ. ಪಕ್ಕದ್ದು ಎಣಿಸಿ, ಐದು ಬರಬಹುದು. ಇನ್ನೊಂದು ಏಳು. ಎಲ್ಲವೂ ಆರು ಮೂಲೆಯವು ಎಂದು ಹೇಳುವವರು ಎಣಿಸಿ ನೋಡಿದವರಲ್ಲ.

ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಅದೇ ಕಲ್ಲನ್ನು ಬದಿಯಿಂದ ನೋಡಿ. ಹೆಂಚು ಅಂದುಕೊಂಡದ್ದು ಕಂಬದ ತಲೆ. ಕಂಬ ಕೆಳಗೆ ಇಳಿದಿದೆ. ಪಕ್ಕಕ್ಕೆ ಪಕ್ಕ ಅಂಟಿಕೊಂಡು, ಮರದ ಡಿಪೋದಲ್ಲಿ ದಿಮ್ಮಿ ನಿಲ್ಲಿಸಿದ ಹಾಗೆ ಸಾಲಾಗಿ ನಿಂತಿವೆ. ಕೆಲವು ಸುಮಾರು 6 ಮೀಟರ್ ಎತ್ತರದವರೆಗೂ ಇವೆ. ಕೆಲವು ವಾಲಿವೆ, ಕೆಲವು ತುಂಡಾಗಿ ಬಿದ್ದಿವೆ.

ಇಲ್ಲಿ ಮಕ್ಕಳು ಕೇಳಿಯೇ ಕೇಳುತ್ತಾರೆ. ನನ್ನ ಅಕ್ಕನ ಮಗಳು ಕೇಳಿದ್ದು: "ಮಾಮ, ಇದನ್ನು ಯಾರು ಕೆತ್ತಿದ್ದು?"

ಯಾರೂ ಕೆತ್ತಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಣಗಿ ಬಿರುಕು ಬಿಡುತ್ತದಲ್ವಾ, ಅದೇ ಲೆಕ್ಕ. ಅಲ್ಲಿ ನೀರು ಆರಿ ಕೆಸರು ಕುಗ್ಗುತ್ತದೆ. ಇಲ್ಲಿ ಬಿಸಿ ಆರಿ ಲಾವಾ ಕುಗ್ಗಿದೆ. ಕುಗ್ಗುವಾಗ ಎಳೆತ ತಡೆಯಲಾರದೆ ಮೈ ಬಿರಿಯುತ್ತದೆ. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಕೂಡಿದರೆ ಎಳೆತ ಎಲ್ಲ ಕಡೆಗೂ ಸಮನಾಗಿ ಸಡಿಲವಾಗುತ್ತದೆ. ಹಾಗೆ ಕೂಡುತ್ತಾ ಹೋದರೆ ಆರು ಮೂಲೆಯ ಜೇನುಗೂಡಿನ ಆಕಾರ ಬರುತ್ತದೆ. ಮೈ ಮೊದಲು ತಣಿಯುತ್ತದೆ, ಒಳಗೆ ಇನ್ನೂ ಬಿಸಿ. ತಂಪು ಒಳಗೆ ಇಳಿದ ಹಾಗೆಲ್ಲ ಬಿರುಕೂ ಹಿಂದೆಯೇ ಇಳಿಯುತ್ತದೆ. ಹೀಗೆ ಹೆಂಚು ಕಂಬವಾಗುತ್ತದೆ. ನಿಧಾನವಾಗಿ ತಣಿದಷ್ಟೂ ಕಂಬ ದಪ್ಪ.

ಬಿರುಕು ಒಂದೇ ಸಲಕ್ಕೆ ಸೀಳಿಕೊಂಡು ಹೋಗುವುದಿಲ್ಲ, ತುಸು ಇಳಿದು ನಿಲ್ಲುತ್ತದೆ, ಮತ್ತೆ ತುಸು. ಪ್ರತಿ ಸಲ ನಿಂತದ್ದಕ್ಕೂ ಕಂಬದ ಬದಿಯಲ್ಲಿ ಒಂದು ಅಡ್ಡ ಗೆರೆ ಉಳಿಯಬಹುದು. ಉಪ್ಪುಗಾಳಿ ತಿಂದು ಬಹಳಷ್ಟು ಕಡೆ ಅದು ಮಾಸಿರುತ್ತದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಅಂಗೈ ಸವರಿ ಹುಡುಕಿ.

ಇಷ್ಟಾದರೂ ಮಕ್ಕಳು ನಂಬದಿದ್ದರೆ ಮನೆಯಲ್ಲಿ ತೋರಿಸಿ. ಕಾರ್ನ್‌ಫ್ಲೋರ್ ಮತ್ತು ನೀರು ಸಮಸಮ ಕಲಸಿ ಒಂದು ಗಾಜಿನ ಬಟ್ಟಲಿಗೆ ಎರಡು ಬೆರಳು ದಪ್ಪ ಸುರಿಯಿರಿ. ಹಳೆಯ ಕಾಲದ, ಬಿಸಿಯಾಗುವ ಬಲ್ಬಿನ ಕೆಳಗೆ ಇಡಿ. ಎಲ್ಇಡಿ ಬಲ್ಬು ಈ ಕೆಲಸಕ್ಕೆ ದಂಡ. ಕೆಲವು ದಿನ ಮುಟ್ಟಬೇಡಿ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಮುರಿದರೆ ಒಳಗೆ ಬೆಂಕಿಕಡ್ಡಿಯ ಹಾಗೆ ಸಣ್ಣ ಸಣ್ಣ ಕಂಬಗಳು. ಅವಸರಕ್ಕೆ ಬಿಸಿಲಲ್ಲಿಟ್ಟು, ಓವನ್ನಿನಲ್ಲಿಟ್ಟು ನಾನು ಎರಡು ಸಲ ಹಾಳು ಮಾಡಿದ್ದೇನೆ.

ಎರಡು ತಪ್ಪು ತಿಳಿವಳಿಕೆ ಇಲ್ಲೇ ಬಿಟ್ಟು ಬನ್ನಿ. ಒಂದು, ಜ್ವಾಲಾಮುಖಿಯ ಬಾಯಿ ಎಲ್ಲಿದೆ ಎಂದು ಹುಡುಕುವುದು. ಬಾಯಿ ಇಲ್ಲ. ಇದು ಎಂದೋ ಉಕ್ಕಿ ಹೆಪ್ಪುಗಟ್ಟಿದ ಲಾವಾದ ಅಳಿದುಳಿದ ತುಂಡು. ಇನ್ನೊಂದು, ಎಲ್ಲರೂ ಇದನ್ನು ಬಸಾಲ್ಟ್ ಎನ್ನುವುದು. ಭೂವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಇದು ರಯೋಲೈಟ್, ರಯೋಡೇಸೈಟ್ ಜಾತಿಯ ಕಲ್ಲು. ಬಸಾಲ್ಟಿಗಿಂತ ಸಿಲಿಕಾ ಜಾಸ್ತಿ. ಮಹಾರಾಷ್ಟ್ರದ ಕಡೆಯ ದಖನ್ ಲಾವಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಸುಮಾರು 6.6 ಕೋಟಿ ವರ್ಷದ್ದು, ಇದು ಅದಕ್ಕಿಂತ ಎರಡು ಕೋಟಿ ವರ್ಷ ಹಿರಿಯ. ಈ ಲಾವಾ ಉಕ್ಕಿದ್ದು ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ. ಪಡುವಣಕ್ಕೆ ಮುಖ ಮಾಡಿ ನಿಂತು ಮಕ್ಕಳಿಗೆ ಹೇಳಿ: ಆಗ ಅಲ್ಲಿ ಕಡಲು ಇರಲಿಲ್ಲ, ಮಡಗಾಸ್ಕರ್ ಇತ್ತು. ಅಲ್ಲಿಯೂ ಅದೇ ಕಾಲದ ಲಾವಾ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿರುವುದು ಸುಮ್ನೆ ಅಲ್ಲ. ಹಾಗಾಗಿ ಕಲ್ಲಿನ ಮೇಲೆ ಹೆಸರು ಕೆತ್ತುವ ಪ್ರೇಮಿಗಳಿಗೆ ನನ್ನದೊಂದು ಶಾಪವೂ ಇದೆ.

5. ಕತೆಗಳನ್ನು ಸರಿಯಾಗಿ ಹೇಳಿ

ವಾಸ್ಕೋ ಡ ಗಾಮ ಮೊದಲು ಇಲ್ಲಿ ಇಳಿದು ಆಮೇಲೆ ಕೇರಳಕ್ಕೆ ಹೋದ ಎಂದು ಬೋಟಿನಲ್ಲಿ ಯಾರಾದರೂ ಹೇಳುತ್ತಾರೆ. ತಲೆಕೆಳಗಾದ ಕತೆ. ಅವನು 1498ರ ಮೇನಲ್ಲಿ ಕಲ್ಲಿಕೋಟೆ ಕಡೆಗೆ ಬಂದ. ಆಗಸ್ಟ್ ಕೊನೆಗೆ ಅಲ್ಲಿಂದ ವಾಪಸ್ ಹೊರಟ. ಬಡಗಣಕ್ಕೆ ಸಾಗುವಾಗ ಸೆಪ್ಟೆಂಬರ್‌ನಲ್ಲಿ ಈ ಕಡಲಿನ ದ್ವೀಪವೊಂದರ ಮೇಲೆ ಕಂಬ ನೆಡಿಸಿ ಸಾಂತಾ ಮರಿಯಾ ಎಂದು ಹೆಸರಿಟ್ಟ. ಅವನ ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ನನಗೆ ಇಷ್ಟವಾಗುವುದು ಬೇರೆಯೇ ಒಂದು ಸಂಗತಿ. ದೋಣಿಗಳಲ್ಲಿ ಮೀನು ತಂದ ಇಲ್ಲಿನವರಿಗೆ ಡ ಗಾಮ ಅಂಗಿ ಕೊಟ್ಟನಂತೆ. ಅವನು ನೆಟ್ಟ ಕಂಬವನ್ನು ಹುಡುಕುತ್ತಾ ಅಲೆಯಬೇಡಿ, ಇಲ್ಲ. ಯಾರೂ ನೆಡದ ಕಂಬಗಳು ಮಾತ್ರ ಹಾಗೇ ನಿಂತಿವೆ.

ಅದಕ್ಕಿಂತ ಹಳೆಯ ಕತೆ ಮಧ್ವಾಚಾರ್ಯರದ್ದು. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆ ಕಡಲಲ್ಲಿ ಬಿರುಗಾಳಿಗೆ ಸಿಕ್ಕಿತು, ದಡದಲ್ಲಿದ್ದ ಆಚಾರ್ಯರು ತಮ್ಮ ವಸ್ತ್ರ ಬೀಸಿ ದಾರಿ ತೋರಿಸಿದರು ಎನ್ನುತ್ತಾರೆ. ಹಡಗಿನವರು ಏನು ಬೇಕೆಂದು ಕೇಳಿದಾಗ ಅವರು ಬೇಡಿದ್ದು ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಗಡ್ಡೆ. ಅದರೊಳಗಿಂದ ಬಲರಾಮ ಬಂದು ವಡಭಾಂಡೇಶ್ವರದಲ್ಲಿ ನಿಂತ, ಕೃಷ್ಣ ಉಡುಪಿಗೆ ಹೋದ. ಈ ಕತೆ ಹೇಳಲು ಬೋಟೇ ಸರಿಯಾದ ಜಾಗ.

ಇಲ್ಲಿನ ಮೀನುಗಾರರಾದ ಮೊಗವೀರರ ಕಡಲ ದೈವ ಬೊಬ್ಬರ್ಯ. ಹಡಗಿನ ವ್ಯಾಪಾರಿಯಾಗಿದ್ದ ವೀರ, ಕಡಲಿನಲ್ಲೇ ಸತ್ತು ದೈವವಾದ ಎನ್ನುವುದು ತುಳು ಜನಪದ ಹಾಡಾದ ಪಾಡ್ದನದ ಮಾತು. ಅವನ ಗುಡಿ ಕರಾವಳಿಯ ಉದ್ದಕ್ಕೂ ಸಿಗುತ್ತದೆ. ಚಪ್ಪಲಿ ಬಿಚ್ಚಿ, ಕ್ಯಾಮೆರಾ ಒಳಗಿಟ್ಟು ಹೋಗಿ.

6. ವಾಪಸ್ ಬಂದ ಮೇಲೆ

ಒಂದು ಗಂಟೆ ಮುಗಿದ ಮೇಲೆ ಬೇಕಾದಷ್ಟು ನೀರಾಟ ಆಡಿ, ಕಾವಲಿನವರು ತೋರಿಸಿದ ಜಾಗದಲ್ಲಿ. ಚಿಪ್ಪು ಕೈಯಲ್ಲಿ ಹಿಡಿದು ನೋಡಿ, ಅಲ್ಲೇ ಬಿಡಿ. ಆ ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ.

ಮಲ್ಪೆಗೆ ಬಂದು ವಡಭಾಂಡೇಶ್ವರಕ್ಕೆ ಹೋಗಿ. ಆಗಸ್ಟ್ ಹೊತ್ತಿಗೆ ಊರಿನಲ್ಲಿದ್ದರೆ ನೂಲ ಹುಣ್ಣಿಮೆಯ ಸಮುದ್ರ ಪೂಜೆ ತಪ್ಪಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅದು ಮುಗಿದ ಮೇಲೆ ಮೊಗವೀರರು ಕಡಲಿಗೆ ಹಾಲೆರೆದು, ತೆಂಗಿನಕಾಯಿ, ಹೂವು ಬಿಟ್ಟು ಬೇಡಿಕೊಳ್ಳುತ್ತಾರೆ. ಆಗ ದ್ವೀಪಕ್ಕೆ ಬೋಟು ಇರುವುದಿಲ್ಲ. ಎರಡನ್ನೂ ಒಂದೇ ಸಲಕ್ಕೆ ನೋಡುವ ಉಪಾಯ ನನಗೂ ಸಿಕ್ಕಿಲ್ಲ.

ಊಟಕ್ಕೆ ಬಂಗುಡೆ, ನೀರುದೋಸೆ. ಕಳೆದ ವರ್ಷ ಭಾವನನ್ನು ಮತ್ತೆ ಕರೆದುಕೊಂಡು ಹೋಗಿದ್ದೆ, ಈ ಸಲ ಇಳಿತ ನೋಡಿಕೊಂಡು. ಊಟದ ಎಲೆ ಮುಂದೆಯೂ ಅವರದ್ದು ಅದೇ ಮಾತು. ಎಂಟು ಮುಖದ ಕಂಬ ಒಂದು ಸಿಕ್ಕಿತಂತೆ. ನಾನೂ ಬಗ್ಗಿ ಎಣಿಸಿದ್ದೆ. ಏಳೇ ಇತ್ತು.