ಬೇಸ್‌ಬಾಲ್ ಬ್ಯಾಟಿಂಗ್ ಸರಾಸರಿ: ಭಾಗಿಸುವ ಮುನ್ನ ಸರಿಯಾಗಿ ಎಣಿಸಿ

ತುಮಕೂರಿನ ಕಾಲೇಜು ಮೈದಾನಗಳಲ್ಲಿ ಬೇಸ್‌ಬಾಲ್ ಪಂದ್ಯದ ಸ್ಕೋರ್ ಬರೆಯಲು ಕೂರುವವರು ಕ್ರಿಕೆಟ್ ನೋಡಿ ಬೆಳೆದವರಾದ್ದರಿಂದ, ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸುವ ರೂಢಿಯನ್ನು ಇಲ್ಲಿಗೂ ತಂದುಬಿಡುತ್ತಾರೆ. ಬೇಸ್‌ಬಾಲಿನ ಬ್ಯಾಟಿಂಗ್ ಸರಾಸರಿಗೂ ರನ್ನಿಗೂ ಸಂಬಂಧವಿಲ್ಲ. ಹಿಟ್‌ಗಳ (ಸ್ವಂತ ಹೊಡೆತದಿಂದ ಬೇಸ್ ಮುಟ್ಟಿದ ಸಲಗಳ) ಸಂಖ್ಯೆಯನ್ನು ಅಟ್‌ಬ್ಯಾಟ್‌ಗಳ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳ) ಸಂಖ್ಯೆಯಿಂದ ಭಾಗಿಸಬೇಕು, ಅಷ್ಟೆ.

ಮೊದಲು ಹಿಟ್‌ಗಳನ್ನು ಎಣಿಸಿ. ಒಂದೇ ಬೇಸ್ ತಲುಪಿಸುವ ಸಿಂಗಲ್ ಆಗಲಿ, ಎಲ್ಲ ಬೇಸ್‌ಗಳನ್ನೂ ಸುತ್ತಿಸುವ ಹೋಂ ರನ್ ಆಗಲಿ, ಲೆಕ್ಕಕ್ಕೆ ಒಂದೇ.

ಎಡವುವುದು ಎರಡನೆಯ ಹಂತದಲ್ಲಿ. ಆಟಗಾರ ಬ್ಯಾಟ್ ಹಿಡಿದು ನಿಂತ ಸರದಿಗಳೆಲ್ಲವೂ ಅಟ್‌ಬ್ಯಾಟ್ ಆಗುವುದಿಲ್ಲ. ನಾಲ್ಕು ಬಾಲ್‌ಗಳಿಂದ (ಗುರಿವಲಯದ ಹೊರಗೆ ಬಂದು, ಬ್ಯಾಟರ್ ಬೀಸದೆ ಬಿಟ್ಟ ಎಸೆತಗಳಿಂದ) ವಾಕ್, ಅಂದರೆ ಹೊಡೆಯದೆಯೇ ಮೊದಲ ಬೇಸ್, ಸಿಕ್ಕರೆ, ಪಿಚರ್ ಎಸೆದ ಚೆಂಡು ಮೈಗೆ ತಗುಲಿ ಬೇಸ್ ಸಿಕ್ಕರೆ, ಜೊತೆಗಾರನನ್ನು ಮುಂದಿನ ಬೇಸಿಗೆ ಸಾಗಿಸಲೆಂದೇ ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾದರೆ (ಸ್ಯಾಕ್ರಿಫೈಸ್ ಬಂಟ್), ಅಥವಾ ಎತ್ತರಕ್ಕೆ ಹೊಡೆದ ಚೆಂಡು ಕ್ಯಾಚ್ ಆದ ಮೇಲೆ ಓಟಗಾರನು ಹೋಂ ತಲುಪಿ ರನ್ ಗಳಿಸಿದರೆ (ಸ್ಯಾಕ್ರಿಫೈಸ್ ಫ್ಲೈ), ಆ ಸರದಿಗಳನ್ನು ಕಳೆಯಬೇಕು. ಆದರೆ ಫೀಲ್ಡರನ ತಪ್ಪಿನಿಂದ (ಎರರ್) ಬೇಸ್ ಮುಟ್ಟಿದ ಸರದಿಯನ್ನು ಕಳೆಯುವಂತಿಲ್ಲ: ಅದು ಅಟ್‌ಬ್ಯಾಟ್ ಹೌದು, ಹಿಟ್ ಅಲ್ಲ. ಮುಂದಿನ ಓಟಗಾರನನ್ನು ಔಟ್ ಮಾಡಲು ಫೀಲ್ಡರ್ ಆರಿಸಿಕೊಂಡಿದ್ದರಿಂದ ಬ್ಯಾಟರ್ ಉಳಿದರೂ (ಫೀಲ್ಡರ್ಸ್ ಚಾಯ್ಸ್) ಇದೇ ನಿಯಮ.

ಒಬ್ಬ ಆಟಗಾರ್ತಿಗೆ 12 ಸರದಿ, 4 ಹಿಟ್, 2 ವಾಕ್, 1 ಸ್ಯಾಕ್ರಿಫೈಸ್ ಬಂಟ್, ಎರರ್‌ನಿಂದ 1 ಸಲ ಬೇಸ್ ಎಂದುಕೊಳ್ಳಿ. ಅಟ್‌ಬ್ಯಾಟ್ 9; ಸರಾಸರಿ 4 ÷ 9 = .444. ಏನನ್ನೂ ಕಳೆಯದೆ 12ರಿಂದ ಭಾಗಿಸಿದರೆ .333 ಬಂದು ಅವಳಿಗೆ ಅನ್ಯಾಯವಾಗುತ್ತದೆ. ಎರರ್ ಅನ್ನು ಹಿಟ್ ಎಂದು ಬರೆದರೆ .556 ಬಂದು ಎದುರಾಳಿ ಪಿಚರ್‌ಗೆ ಅನ್ಯಾಯವಾಗುತ್ತದೆ. ಸರದಿಗಳನ್ನೆಲ್ಲ ಅಟ್‌ಬ್ಯಾಟ್ ಎಂದು ಒಟ್ಟುಗೂಡಿಸುವ ಮೊಬೈಲ್ ಆ್ಯಪ್‌ಗಳನ್ನು ದಯವಿಟ್ಟು ನಂಬಬೇಡಿ. ಪ್ರತಿ ಸರದಿ ಮುಗಿದ ಕೂಡಲೇ ಅದು ಯಾವ ಬಗೆಯದೆಂದು ಗೆರೆ ಹಾಕಿದ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುವುದೇ ಸರಿ.

ಭಾಗಲಬ್ಧವನ್ನು ಮೂರು ದಶಮಾಂಶ ಸ್ಥಾನಗಳಿಗೆ ಪೂರ್ಣಗೊಳಿಸಿ. ಆ ಮೂರನೆಯ ಸ್ಥಾನದ ಬೆಲೆ ಅಮೆರಿಕದ ಮೇಜರ್ ಲೀಗ್ ಬ್ಯಾಟರ್ ಟೆಡ್ ವಿಲಿಯಮ್ಸ್‌ಗೆ ಗೊತ್ತಿತ್ತು: 1941ರ ಋತುವಿನ ಕೊನೆಯ ದಿನದ ಆಟಕ್ಕೆ ಮುನ್ನ ಅವರದು 448 ಅಟ್‌ಬ್ಯಾಟ್‌ಗಳಿಗೆ 179 ಹಿಟ್, ಅಂದರೆ .39955; ಅದನ್ನು .400 ಎಂದೇ ಬರೆಯಬಹುದಿತ್ತು. ಆದರೂ ಅವರು ಆ ದಿನದ ಎರಡೂ ಪಂದ್ಯಗಳನ್ನಾಡಿ, 8 ಅಟ್‌ಬ್ಯಾಟ್‌ಗಳಲ್ಲಿ 6 ಹಿಟ್ ಹೊಡೆದು .406ಕ್ಕೆ ಮುಗಿಸಿದರು.

ಪಂದ್ಯಾವಳಿಯ ಸರಾಸರಿಗಾಗಿ ಪಂದ್ಯಗಳ ಸರಾಸರಿಗಳನ್ನು ಕೂಡಿ ಭಾಗಿಸಬಾರದು. 1ಕ್ಕೆ 1 ಮತ್ತು 5ಕ್ಕೆ 1 ಹೊಡೆದವನದು .600 ಅಲ್ಲ, 6ಕ್ಕೆ 2, ಅಂದರೆ .333.

ಉತ್ತಮ ಬ್ಯಾಟರ್ ಬಹುಮಾನವಿದ್ದರೆ ಕನಿಷ್ಠ ಸರದಿಗಳ ಮಿತಿಯನ್ನು ಮೊದಲೇ ಸಾರಿಬಿಡಿ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಅದು ತಂಡದ ಪ್ರತಿ ಪಂದ್ಯಕ್ಕೆ 3.1 ಸರದಿ, 162 ಪಂದ್ಯಗಳಿಗೆ 502. ಈ ಮಿತಿಗೆ ಮಾತ್ರ ವಾಕ್, ಸ್ಯಾಕ್ರಿಫೈಸ್ ಸೇರಿದಂತೆ ಎಲ್ಲ ಸರದಿಗಳನ್ನೂ ಎಣಿಸಬೇಕು.